ಕಾಫಿ ಕೊಯ್ಲಿನ ಸಮಯದಲ್ಲಿ ಸೋರಿಯಾಸಿಸ್ ಜಾಸ್ತಿ ಯಾಕೆ?

ಸೋಮವಾರಪೇಟೆಯ ಅಣ್ಣಾ, ಪ್ರತಿ ವರ್ಷ ಕಾಫಿ ಕೊಯ್ಲು ಶುರುವಾದರೆ ಮೊಣಕೈಯ ಸೋರಿಯಾಸಿಸ್ (ಚರ್ಮದಲ್ಲಿ ಕಲೆ ಎದ್ದು ಹೊಟ್ಟು ಉದುರುವ ಕಾಯಿಲೆ) ಜಾಸ್ತಿಯಾಗುತ್ತದೆ, ಪಂದಿಕರಿ (ಕೊಡಗಿನ ಹಂದಿ ಮಾಂಸದ ಅಡುಗೆ) ಬಿಡಬೇಕಾ ಅಂತ ಕೇಳಿದ್ದೀರಿ. ನನಗೂ 11 ವರ್ಷದಿಂದ ಇದೆ. ಸುಮ್ನೆ ಪಂದಿಕರಿಯನ್ನು ದೂರಬೇಡಿ.

ನಾನಾದರೆ ಮೊದಲು ಕೈ ಮೇಲಿನ ಗೀರುಗಳನ್ನು ನೋಡುತ್ತೇನೆ. ಚರ್ಮಕ್ಕೆ ಗಾಯವಾದ ಕಡೆಯೇ ಒಂದೆರಡು ವಾರದಲ್ಲಿ ಹೊಸ ಕಲೆ ಏಳಬಹುದು. ಕೋಬ್ನರ್ ಎಂಬ ಜರ್ಮನ್ ವೈದ್ಯರು 19ನೇ ಶತಮಾನದಲ್ಲೇ ಇದನ್ನು ಗುರುತಿಸಿದ್ದರು. ಗಿಡದ ರೆಂಬೆ ಗೀಚುವುದು, ತುರಿಕೆಗೆ ಕೆರೆಯುವುದು, ಕಲೆಯ ಹೊಟ್ಟು ಕೀಳುವುದು, ಎಲ್ಲವೂ ಚರ್ಮಕ್ಕೆ ಗಾಯವೇ ಅಲ್ವಾ? ಉದ್ದ ತೋಳಿನ ಹತ್ತಿ ಅಂಗಿ ಹಾಕಿ. ಡಿಸೆಂಬರ್, ಜನವರಿಯ ಒಣ ಚಳಿಯೂ ಸೇರಿಕೊಳ್ಳುತ್ತದೆ. ಹಂಡೆಯ ಸುಡುನೀರು ಬೇಡ, ಉಗುರು ಬೆಚ್ಚಗಿನದು ಸಾಕು. ಮೈ ತೇವ ಇರುವಾಗಲೇ ವ್ಯಾಸಲೀನ್ ಹಚ್ಚಿ.

ಸಿಗರೇಟು, ಕುಡಿತ ಎರಡೂ ಇದನ್ನು ಕೆರಳಿಸುತ್ತವೆ. ಆಳು ಸಿಗದ ಟೆನ್ಷನ್ ಕೂಡ. ತೂಕ ಜಾಸ್ತಿ ಇದ್ದವರು ಇಳಿಸಿದರೆ ಮದ್ದು ಚೆನ್ನಾಗಿ ಹಿಡಿಯುತ್ತದೆ.

ಬಿಪಿ ಮಾತ್ರೆ ತೆಗೆದುಕೊಳ್ಳುತ್ತೀರಾ? ಅದರಲ್ಲಿ ಬೀಟಾ ಬ್ಲಾಕರ್ ಎಂಬ ಬಗೆಯ ಮಾತ್ರೆಗಳಿಂದ ಕೆಲವರಿಗೆ ಸೋರಿಯಾಸಿಸ್ ಹೆಚ್ಚಾಗುತ್ತದೆ. ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ. ಬೆಳಿಗ್ಗೆ ಏಳುವಾಗ ಬೆರಳ ಗಂಟು ಊದಿ ಬಿಗಿದಿದ್ದರೆ ದಯವಿಟ್ಟು ತಡ ಮಾಡಬೇಡಿ. ಈ ಕಾಯಿಲೆ ಕೀಲಿಗೂ ಇಳಿಯಬಹುದು.