300 ಯೂರೋ ನಾಯಿ, 2000 ಯೂರೋ ನಾಯಿ

ನೀವು ಬರೆದದ್ದನ್ನು ಎರಡು ಸಲ ಓದಿದೆ. ದಾವಣಗೆರೆಯಿಂದ ಬರ್ಲಿನ್‌ಗೆ ಬಂದು ಐದು ತಿಂಗಳು. ಎಂಟು ವರ್ಷದ ಮಗಳಿಗೆ ಇನ್ನೂ ಗೆಳತಿಯರು ಸಿಕ್ಕಿಲ್ಲ, ನಾಯಿ ಬೇಕು ಅಂತ ದಿನಾ ಹಟ. ಲ್ಯಾಬ್ರಡಾರ್ ಮರಿಗೆ ಬ್ರೀಡರ್ 2000 ಯೂರೋ ಹೇಳಿದ್ದಾರೆ. ಟಿಯರ್‌ಹೈಮ್‌ನಲ್ಲಿ, ಅಂದರೆ ದಿಕ್ಕಿಲ್ಲದ ಪ್ರಾಣಿಗಳನ್ನು ಸಾಕುವ ಇಲ್ಲಿನ ಆಶ್ರಯದಲ್ಲಿ, 300 ಯೂರೋಗೇ ನಾಯಿ ಕೊಡುತ್ತಾರಂತೆ. ‘ಅಕ್ಕಾ, ಯಾವುದು ಅಗ್ಗ?’ ಅಂತ ಕೇಳಿದ್ದೀರಿ.

300 ಅಗ್ಗ. ಇಷ್ಟಕ್ಕೆ ನನ್ನನ್ನು ಕೇಳಬೇಕಿರಲಿಲ್ಲ, ಅಲ್ವಾ? ಆದರೆ ನೀವು ನೋಡುತ್ತಿರುವುದು ನಾಯಿ ಮನೆಯ ಬಾಗಿಲಿಗೆ ಬರುವವರೆಗಿನ ಲೆಕ್ಕ. ಅದು ಹನ್ನೆರಡು ವರ್ಷ ನಿಮ್ಮ ಸೋಫಾದ ಮೇಲೆ ಮಲಗುವ ಲೆಕ್ಕ ಬೇರೆಯೇ ಇದೆ. ನಾನು ಈ ಊರಿಗೆ ಬಂದು ಹದಿನಾಲ್ಕು ವರ್ಷ. ನಾಯಿ ಬಂದು ಆರು ವರ್ಷ. ಬಿಲ್‌ಗಳನ್ನೆಲ್ಲ ಒಂದು ಫೈಲಿನಲ್ಲಿ ಇಟ್ಟಿದ್ದೇನೆ. ಜರ್ಮನಿ ಕಲಿಸಿದ ಚಟ ಅದು.

ನಮ್ಮವನ ಹೆಸರು ಮೋರಿಟ್ಸ್. ಸಾಕಿದ ಅಜ್ಜ ವೃದ್ಧಾಶ್ರಮ ಸೇರಿದ ಮೇಲೆ ಶೆಲ್ಟರ್‌ಗೆ ಬಂದಿದ್ದ. ಆಗ ಅವನಿಗೆ ಆರು ವರ್ಷ. ನನ್ನ ಅಮ್ಮ ಇಲ್ಲಿಗೆ ಬಂದಾಗ ‘ಮೋರಿ, ಮೋರಿ’ ಅಂತ ಕರೆಯತೊಡಗಿದರು. ನಾಯಿಗೆ ಚರಂಡಿ ಹೆಸರು ಬೇಡಮ್ಮಾ ಅಂದೆ. ಆಮೇಲೆ ಅವನು ‘ಮರಿ’ ಆದ. ಮೂವತ್ತು ಕಿಲೋ ತೂಗುವ ಮರಿ! ‘ಸಿಟ್ಸ್’ ಅಂದರೂ ಕೂರುತ್ತಾನೆ, ‘ಕೂತ್ಕೋ’ ಅಂದರೂ ಕೂರುತ್ತಾನೆ. ನನ್ನ ಮಗನಿಗಿಂತ ಅವನ ಕನ್ನಡ ಚೆನ್ನಾಗಿದೆ.

ಅವನಿಗೆ ನಾವು ಕೊಟ್ಟದ್ದು 300 ಯೂರೋ. ಅದನ್ನು ಇಲ್ಲಿ ಬೆಲೆ ಅನ್ನುವುದಿಲ್ಲ, ಶುಟ್ಸ್‌ಗೆಬ್ಯೂರ್ ಅನ್ನುತ್ತಾರೆ. ಕಾಪಾಡುವ ಶುಲ್ಕ ಅಂದುಕೊಳ್ಳಿ. ನಾಯಿಗೆ ಸಾಮಾನ್ಯವಾಗಿ 200ರಿಂದ 400, ಬೆಕ್ಕಿಗೆ ಇನ್ನೂ ಕಡಿಮೆ. ಗುರುತಿನ ಚಿಪ್ ಹಾಕಿರುತ್ತಾರೆ, ಇಂಜೆಕ್ಷನ್ ಆಗಿರುತ್ತದೆ, ಹುಳದ ಔಷಧಿ ಕೊಟ್ಟಿರುತ್ತಾರೆ. ಬೆಕ್ಕಾದರೆ ಮರಿ ಆಗದಂತೆ ಆಪರೇಷನ್ನೂ ಆಗಿರುತ್ತದೆ. ಇವನ್ನೆಲ್ಲ ನೀವೇ ಮಾಡಿಸಲು ಹೋದರೆ ಆ ದುಡ್ಡು ಅಲ್ಲಿಗಲ್ಲಿಗೇ ಸರಿಹೋಗುತ್ತದೆ. ಟಿಯರ್‌ಹೈಮ್‌ಗೆ ಇದರಿಂದ ಲಾಭವೇನೂ ಇಲ್ಲ. ಸುಮ್ನೆ ಬಿಟ್ಟಿ ಕೊಟ್ಟರೆ ಯಾರ್‍ಯಾರೋ ಹಿಡಿದುಕೊಂಡು ಹೋಗುತ್ತಾರೆ, ಅದಕ್ಕೇ ಈ ಶುಲ್ಕ.

ಈಗ ಮುಂದಿನ ಲೆಕ್ಕ. ಇದು ಎರಡು ನಾಯಿಗೂ ಒಂದೇ.

ಬರ್ಲಿನ್‌ನಲ್ಲಿ ನಾಯಿಗೂ ತೆರಿಗೆ ಇದೆ. ನಗಬೇಡಿ, ನಿಜ. ಹುಂಡೆಷ್ಟಾಯರ್ ಅಂತ. ಮೊದಲ ನಾಯಿಗೆ ವರ್ಷಕ್ಕೆ 120 ಯೂರೋ, ಎರಡನೆಯದಕ್ಕೆ 180. ಇದು ಆಯಾ ಊರಿನ ತೆರಿಗೆ, ಹಾಗಾಗಿ ಊರಿಂದೂರಿಗೆ ಬೇರೆ. ಮ್ಯೂನಿಕ್‌ನಲ್ಲಿ 100. ಶೆಲ್ಟರ್‌ನಿಂದ ತಂದ ನಾಯಿಗೆ ಎಷ್ಟೋ ಊರುಗಳಲ್ಲಿ ಒಂದಿಷ್ಟು ಕಾಲ ತೆರಿಗೆ ಬಿಡುತ್ತಾರೆ, ಅರ್ಜಿ ಹಾಕುವಾಗ ಮರೆಯದೆ ಕೇಳಿ. ಬೆಕ್ಕಿಗೆ ತೆರಿಗೆ ಇಲ್ಲ. ಯಾಕೆ ಅಂತ ಬೆಕ್ಕನ್ನೇ ಕೇಳಬೇಕು.

ಹಾಫ್ಟ್‌ಪ್ಲಿಷ್ಟ್ ವಿಮೆಯೂ ಬರ್ಲಿನ್‌ನಲ್ಲಿ ಕಡ್ಡಾಯ. ನಿಮ್ಮ ನಾಯಿ ಸೈಕಲ್‌ನವರಿಗೆ ಅಡ್ಡ ಹೋಗಿ ಅವರು ಬಿದ್ದರೆ ಖರ್ಚು ಕೊಡುವುದು ಈ ವಿಮೆ. ನಮಗೆ ವರ್ಷಕ್ಕೆ 70 ಬೀಳುತ್ತದೆ. ನಿಮ್ಮ ಮನೆಯ ಹಾಫ್ಟ್‌ಪ್ಲಿಷ್ಟ್ ಇದೆಯಲ್ಲ, ಅದರಲ್ಲಿ ಬೆಕ್ಕು ಸೇರುತ್ತದೆ, ನಾಯಿ ಸೇರುವುದಿಲ್ಲ. 2022ರಿಂದ ನಗರದ ನಾಯಿ ರಿಜಿಸ್ಟರ್‌ನಲ್ಲೂ ಹೆಸರು ಬರೆಸಬೇಕು, ಅದು ಒಂದೇ ಸಲದ ಸಣ್ಣ ಶುಲ್ಕ.

ಊಟಕ್ಕೆ ತಿಂಗಳಿಗೆ 60. ನಮ್ಮ ತೋಟದ ಮನೆಯಲ್ಲಿ ನಾಯಿಗೆ ಪ್ರತ್ಯೇಕ ಊಟ ಅಂತ ಇರಲೇ ಇಲ್ಲ. ಮಿಕ್ಕ ಅನ್ನ, ಮುದ್ದೆ, ಮಜ್ಜಿಗೆ. ಮೊದಲ ವಾರ ಇವನಿಗೂ ಮೊಸರನ್ನ ಹಾಕಿದ್ದೆ. ಖುಷಿಯಾಗಿ ತಿಂದ. ರಾತ್ರಿಯೆಲ್ಲ ಅವನೂ ಮಲಗಲಿಲ್ಲ, ನನ್ನನ್ನೂ ಮಲಗಿಸಲಿಲ್ಲ.

ಡಾಕ್ಟರ ವಿಷಯ ಸ್ವಲ್ಪ ನಿಧಾನವಾಗಿ ಓದಿ. ಇಲ್ಲಿ ಪ್ರಾಣಿ ಡಾಕ್ಟರ ಫೀಸು ಸರ್ಕಾರದ ಪಟ್ಟಿಯಂತೆ ನಡೆಯುತ್ತದೆ. ಜಿಒಟಿ ಅಂತ ಅದರ ಹೆಸರು. 2022ರ ನವೆಂಬರ್‌ನಲ್ಲಿ ಹೊಸ ಪಟ್ಟಿ ಬಂದಾಗಿನಿಂದ ಬಿಲ್ ಜೋರಾಗಿಯೇ ಏರಿದೆ. ನಾಯಿಯನ್ನು ಮುಟ್ಟಿ ನೋಡಿ ಎರಡು ಮಾತು ಹೇಳುವುದಕ್ಕೆ 23.62 ಯೂರೋ. ಮೇಲೆ 19 ಪರ್ಸೆಂಟ್ ತೆರಿಗೆ. ಅದೂ ತೀರಾ ಕಡಿಮೆ ದರ, ಕೆಲಸದ ಕಷ್ಟ ನೋಡಿ ಮೂರು ಪಟ್ಟಿನವರೆಗೆ ಹಾಕಬಹುದು. ರಾತ್ರಿ, ಭಾನುವಾರ ತುರ್ತು ಅಂತ ಓಡಿದರೆ ಎರಡು ಪಟ್ಟಿನಿಂದ ನಾಲ್ಕು ಪಟ್ಟು. ಜೊತೆಗೆ 50 ಯೂರೋ ಬೇರೆ. ನಾಯಿಗಳು ಹೊಟ್ಟೆ ಕೆಡಿಸಿಕೊಳ್ಳುವುದು ಭಾನುವಾರವೇ.

ನಮ್ಮ ಮರಿ ಬಂದ ಮೊದಲ ಬೇಸಿಗೆಯಲ್ಲೇ ಮೂರು ಹಲ್ಲು ಕೀಳಿಸಬೇಕಾಯಿತು. 740 ಯೂರೋ. ನಾಯಿಯ ಆಪರೇಷನ್ ವಿಮೆ ಬೇರೆ ಮಾಡಿಸಿದ್ದೆವು, ಅವರು ಕೊಡಲಿಲ್ಲ, ವಿಮೆ ಮಾಡಿಸುವ ಮುಂಚೆಯೇ ಇದ್ದ ತೊಂದರೆ ಅಂದರು. ನಾನು ಶೆಲ್ಟರ್ ಪರ ಇರುವವಳು, ಆದರೂ ಇದನ್ನು ಮುಚ್ಚಿಡುವುದಿಲ್ಲ. ವಯಸ್ಸಾದ ನಾಯಿಯ ಜೊತೆ ಅದರ ಹಳೆಯ ಕಾಯಿಲೆಯೂ ನಿಮ್ಮ ಮನೆಗೆ ಬರುತ್ತದೆ. ಎಳೆಯ ನಾಯಿಮರಿಗೆ ಈ ವಿಮೆ ಸುಲಭವಾಗಿ, ಕಡಿಮೆಗೆ ಸಿಗುತ್ತದೆ. ಈ ಒಂದು ವಿಷಯದಲ್ಲಿ ಬ್ರೀಡರ್ ಮರಿಯೇ ಗೆಲ್ಲುವುದು.

ಇನ್ನು ಊರಿಗೆ ಹೋಗುವ ಖರ್ಚು. ಇದನ್ನು ನಮ್ಮವರು ಯಾರೂ ಮೊದಲು ಲೆಕ್ಕ ಹಾಕುವುದಿಲ್ಲ. ನಾಲ್ಕು ವಾರ ದಾವಣಗೆರೆಗೆ ಹೋದರೆ ನಾಯಿ ಎಲ್ಲಿ? ಹುಂಡೆಪೆನ್ಸಿಯೋನ್ ಅಂದರೆ ನಾಯಿ ಹಾಸ್ಟೆಲ್. ನಾವು ಬಿಡುವ ಕಡೆ ದಿನಕ್ಕೆ 30 ಯೂರೋ. ನಾಲ್ಕು ವಾರಕ್ಕೆ 840. ಇನ್ನೊಬ್ಬರ ಟಿಕೆಟ್ ತೆಗೆದ ಹಾಗೆ.

ಕೂಡಿಸಿ ನೋಡಿ. ತೆರಿಗೆ 120, ಹಾಫ್ಟ್‌ಪ್ಲಿಷ್ಟ್ 70, ಊಟ 720, ವರ್ಷದ ಇಂಜೆಕ್ಷನ್ ಮತ್ತು ಔಷಧಿ 200, ಆಪರೇಷನ್ ವಿಮೆ 360, ಹಾಸ್ಟೆಲ್ 840. ಒಟ್ಟು 2310 ಯೂರೋ. ನಿಮ್ಮ ಬ್ರೀಡರ್ ಕೇಳಿದ್ದಕ್ಕಿಂತ ಜಾಸ್ತಿ. ಅದೂ ಒಂದೇ ವರ್ಷಕ್ಕೆ. ಇದನ್ನು ರೂಪಾಯಿಗೆ ಗುಣಿಸಲು ಹೋಗಬೇಡಿ, ರಾತ್ರಿ ನಿದ್ದೆ ಬರುವುದಿಲ್ಲ.

ಹಾಗಾದರೆ ಎಲ್ಲಿಂದ ತಂದರೂ ಒಂದೇನಾ? ಅಲ್ಲ. ಟಿಯರ್‌ಹೈಮ್‌ನವರು ಪ್ರಶ್ನೆ ಕೇಳುತ್ತಾರೆ. ದುಡ್ಡು ನೋಡಿ ಮಾರುವವರು ಕೇಳುವುದಿಲ್ಲ.

ನಾವು ಮೊದಲು ಹೋದ ಶೆಲ್ಟರ್‌ನಲ್ಲಿ ನಮಗೆ ನಾಯಿ ಕೊಡಲೇ ಇಲ್ಲ. ಹೆಣ್ಣು ನೋಡಲು ಬಂದವರ ಹಾಗೆ ಕೂರಿಸಿ ವಿಚಾರಿಸಿದರು. ಎಷ್ಟನೇ ಮಹಡಿ, ಲಿಫ್ಟ್ ಇದೆಯಾ, ಮನೆ ಮಾಲೀಕರ ಪತ್ರ ಎಲ್ಲಿ, ದಿನಕ್ಕೆ ಎಷ್ಟು ಗಂಟೆ ನಾಯಿ ಒಂಟಿ, ರಜೆಯಲ್ಲಿ ಯಾರ ಹತ್ತಿರ ಬಿಡುತ್ತೀರಿ. ಇಬ್ಬರೂ ದಿನಕ್ಕೆ ಒಂಬತ್ತು ಗಂಟೆ ಆಫೀಸಿನಲ್ಲಿ ಅಂದ ಕೂಡಲೇ ಆ ಹೆಂಗಸು ಪೆನ್ನು ಕೆಳಗಿಟ್ಟರು. ನನಗೆ ಸಿಟ್ಟು ಬಂತು. ನಾವು ಹೊರಗಿನವರು ಅಂತ ಹೀಗೆ ಮಾಡುತ್ತಿದ್ದಾರೆ ಅಂತಲೂ ಅನ್ನಿಸಿತು. ಮನೆಗೆ ಬಂದು ಗಂಡನ ಹತ್ತಿರ ಕೂಗಾಡಿದೆ. ಒಂದು ವರ್ಷ ಬಿಟ್ಟು, ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡಲು ಒಪ್ಪಿಗೆ ಸಿಕ್ಕ ಮೇಲೆ, ಬೇರೆ ಕಡೆ ಹೋದೆವು. ಅಲ್ಲೂ ಅವೇ ಪ್ರಶ್ನೆಗಳು. ನಾಲ್ಕು ಸಲ ಹೋಗಿ ನಮ್ಮ ಮೋರಿಟ್ಸ್ ಜೊತೆ ವಾಕಿಂಗ್ ಮಾಡಿದ ಮೇಲೆ ಕಾಗದಕ್ಕೆ ಸಹಿ ಹಾಕಿಸಿದರು. ಎರಡು ತಿಂಗಳ ಮೇಲೆ ಒಬ್ಬರು ಮನೆಗೂ ಬಂದು ನೋಡಿಕೊಂಡು ಹೋದರು. ಕಾಫಿ ಕೊಟ್ಟೆ. ಕೋಡುಬಳೆ ಕೊಟ್ಟೆ, ಮೂರು ತಿಂದರು.

ಅವರು ಹೀಗೆ ಜೀವ ಹಿಂಡುವುದಕ್ಕೆ ಕಾರಣ ಇದೆ. ಜರ್ಮನಿಯಲ್ಲಿ ತಕ್ಕ ಕಾರಣವಿಲ್ಲದೆ ಪ್ರಾಣಿಯನ್ನು ಕೊಲ್ಲುವುದು ಅಪರಾಧ. ಜಾಗ ಇಲ್ಲ ಅನ್ನುವುದು ತಕ್ಕ ಕಾರಣವಲ್ಲ. 2002ರಲ್ಲಿ ಪ್ರಾಣಿ ರಕ್ಷಣೆಯನ್ನು ಸಂವಿಧಾನದಲ್ಲೇ ಬರೆದರು. ಹಾಗಾಗಿ ವಾಪಸ್ ಬಂದ ನಾಯಿಯನ್ನು ಅವರು ಸಾಕಲೇಬೇಕು, ಎಷ್ಟು ವರ್ಷವಾದರೂ.

ಮನೆ ಮಾಲೀಕರ ವಿಷಯ ಕೇಳಿದ್ದಿರಿ. ನಾಯಿ, ಬೆಕ್ಕು ಸಾಕಲೇಬಾರದು ಅಂತ ಒಪ್ಪಂದದಲ್ಲಿ ಒಟ್ಟಾರೆಯಾಗಿ ಬರೆದಿದ್ದರೆ ಅದು ನಿಲ್ಲುವುದಿಲ್ಲ ಅಂತ ಇಲ್ಲಿನ ಸುಪ್ರೀಂ ಕೋರ್ಟಿನಂಥ ಬಿಜಿಎಚ್ 2013ರಲ್ಲೇ ಹೇಳಿದೆ. ಹಾಗಂತ ಕೇಳದೆ ತರಬಹುದು ಅಂತ ಅರ್ಥ ಅಲ್ಲ. ಪ್ರತಿ ಮನೆಯ ಪರಿಸ್ಥಿತಿ ನೋಡಿ ತೀರ್ಮಾನ ಮಾಡಬೇಕು. ಮೊದಲು ಒಂದು ಇಮೇಲ್ ಬರೆದು, ಒಪ್ಪಿಗೆಯನ್ನು ಬರಹದಲ್ಲೇ ತೆಗೆದುಕೊಳ್ಳಿ.

ಮೂರನೆಯ ದಾರಿಯೊಂದು ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತದೆ. ಆನ್‌ಲೈನ್ ಜಾಹೀರಾತಿನಲ್ಲಿ 600 ಯೂರೋಗೆ ಮುದ್ದಾದ ಲ್ಯಾಬ್ರಡಾರ್ ಮರಿ. ಫೋನ್ ಮಾಡಿದರೆ ಮನೆಗೆ ಬರಬೇಡಿ, ಹೆದ್ದಾರಿ ಪಕ್ಕದ ಪಾರ್ಕಿಂಗ್‌ಗೆ ಬನ್ನಿ ಅನ್ನುತ್ತಾರೆ. ದಯವಿಟ್ಟು ಹೋಗಬೇಡಿ. ನಮ್ಮ ಪರಿಚಯದ ಒಂದು ಕುಟುಂಬ ಹಾಗೆ ತಂದಿತು. ನಾಲ್ಕನೇ ದಿನ ಮರಿಗೆ ರಕ್ತಭೇದಿ. ಪಾರ್ವೊ ಅನ್ನುವ ವೈರಸ್ ಕಾಯಿಲೆ. ಆಸ್ಪತ್ರೆಗೆ ಎರಡು ಸಾವಿರದ ಮೇಲೆ ಕಟ್ಟಿದರು, ಮರಿ ಉಳಿಯಲಿಲ್ಲ. ಮಗುವಿಗೆ ಏನು ಹೇಳಬೇಕು ಅಂತ ಗೊತ್ತಾಗದೆ ಅವರು ನಮ್ಮ ಮನೆಗೆ ಬಂದು ಕೂತಿದ್ದರು.

ಮೋಸ ಹಿಡಿಯಲು ಒಂದು ಸುಲಭದ ಗುರುತು ಇದೆ. ರೇಬೀಸ್ ಇಂಜೆಕ್ಷನ್ ಕೊಡುವುದು ಹನ್ನೆರಡು ವಾರ ತುಂಬಿದ ಮೇಲೆ. ಅದಾಗಿ 21 ದಿನ ಕಾಯಬೇಕು. ಅಂದರೆ ಬೇರೆ ದೇಶದಿಂದ ಜರ್ಮನಿಗೆ ಬರುವ ಮರಿಗೆ ಕಡಿಮೆ ಅಂದರೂ 15 ವಾರ ಆಗಿರಬೇಕು. ಹೊರದೇಶದ ಪಾಸ್‌ಪೋರ್ಟ್ ಇರುವ ಎಂಟು ವಾರದ ಮರಿ ಅಂದರೆ ಕಳ್ಳಮಾಲು. ಒಳ್ಳೆಯ ಬ್ರೀಡರ್ ಆದರೆ ಮನೆಗೆ ಕರೆಯುತ್ತಾರೆ, ತಾಯಿಯನ್ನು ತೋರಿಸುತ್ತಾರೆ, ಟಿಯರ್‌ಹೈಮ್‌ನವರ ಹಾಗೇ ತಲೆ ತಿನ್ನುತ್ತಾರೆ. ನಿಮ್ಮ 2000 ಯೂರೋದವರು ನಿಮ್ಮನ್ನು ಏನೇನು ಕೇಳಿದರು ಅಂತ ನೆನಪು ಮಾಡಿಕೊಳ್ಳಿ. ದುಡ್ಡು ಹೇಗೆ ಕೊಡುತ್ತೀರಿ ಅಂತ ಮಾತ್ರ ಕೇಳಿದ್ದರೆ ಅಲ್ಲಿಗೆ ಬಿಡಿ.

ಊರಲ್ಲಿ ಅಮ್ಮನ ಮನೆಯ ನಾಯಿ ಜೂಲಿಯನ್ನೇ ಕರೆತರಬಹುದಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ತರಬಹುದು. ಚಿಪ್ ಹಾಕಿಸಿ, ರೇಬೀಸ್ ಇಂಜೆಕ್ಷನ್ ಕೊಡಿಸಿ, 30 ದಿನ ಬಿಟ್ಟು ರಕ್ತ ತೆಗೆಸಬೇಕು. ಅದನ್ನು ಯುರೋಪಿಯನ್ ಯೂನಿಯನ್ ಒಪ್ಪಿದ ಲ್ಯಾಬ್‌ನಲ್ಲೇ ಪರೀಕ್ಷೆ ಮಾಡಿಸಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಆಮೇಲೆ ವಿಮಾನ. ಆದರೆ ಜೂಲಿಗೆ ಹನ್ನೊಂದು ವರ್ಷ ಅಂದಿರಲ್ಲ. ಅಂಗಳ, ಬಿಸಿಲು, ಅಮ್ಮನ ಕೈತುತ್ತು ಬಿಡಿಸಿ ಮೂರನೇ ಮಹಡಿಯ ಫ್ಲ್ಯಾಟಿಗೆ, ಅದೂ ಜನವರಿಯ ಚಳಿಗೆ ತರುವುದು ಯಾರ ಸಂತೋಷಕ್ಕೆ? ಅವಳು ಅಲ್ಲೇ ಇರಲಿ.

ನಿಮಗೆ ನಾನು ಹೇಳುವುದು ಇಷ್ಟು. ಈಗಲೇ ಯಾವ ನಾಯಿಯನ್ನೂ ತರಬೇಡಿ. ನಿಮ್ಮ ಕೆಲಸದ ಆರು ತಿಂಗಳ ಪ್ರೋಬೆತ್ಸೈಟ್, ಅಂದರೆ ಪರೀಕ್ಷಾ ಅವಧಿ, ಇನ್ನೂ ಮುಗಿದಿಲ್ಲ. ಈ ಮನೆಯೂ ಆಫೀಸಿನವರು ಕೊಟ್ಟ ತಾತ್ಕಾಲಿಕ ಮನೆ. ನಾಯಿ ಇದ್ದರೆ ಈ ಊರಿನಲ್ಲಿ ಹೊಸ ಬಾಡಿಗೆ ಮನೆ ಸಿಗುವುದು ಇನ್ನೂ ಕಷ್ಟ, ಇಲ್ಲದೆಯೇ ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ಅಲ್ಲಿಯವರೆಗೆ ಟಿಯರ್‌ಹೈಮ್‌ಗೆ ಹೋಗಿ ಬನ್ನಿ. ಎಷ್ಟೋ ಕಡೆ ನಾಯಿಗಳನ್ನು ವಾಕಿಂಗ್ ಕರೆದೊಯ್ಯಲು ಸ್ವಯಂಸೇವಕರನ್ನು ತೆಗೆದುಕೊಳ್ಳುತ್ತಾರೆ, ಗಸ್ಸಿಗೇಯರ್ ಅನ್ನುತ್ತಾರೆ. ಸ್ವಲ್ಪ ತರಬೇತಿ ಇರುತ್ತದೆ. ನಾಯಿ ಹಿಡಿಯುವುದು ನೀವೇ, ಮಗಳು ಪಕ್ಕದಲ್ಲಿ ನಡೆಯಬಹುದಾ ಅಂತ ಅವರನ್ನೇ ಕೇಳಿ. ಫೆಬ್ರವರಿಯಲ್ಲಿ, ಮಳೆಯಲ್ಲಿ, ಬೆಳಿಗ್ಗೆ ಏಳಕ್ಕೆ ಎದ್ದು ನಾಲ್ಕು ವಾರ ಹೋದರೆ ನಾಯಿ ಬೇಕಾ ಅಂತ ಮನೆಯವರಿಗೆಲ್ಲ ಗೊತ್ತಾಗುತ್ತದೆ.

ಈ ಭಾನುವಾರ ಹತ್ತು ಗಂಟೆಗೆ ನಾವು ಟೆಂಪಲ್‌ಹೋಫ್ ಮೈದಾನದಲ್ಲಿರುತ್ತೇವೆ, ಹಳೆಯ ವಿಮಾನ ನಿಲ್ದಾಣ ಇತ್ತಲ್ಲ, ಅಲ್ಲಿ. ನಾಯಿಗಳನ್ನು ಬಿಡಲು ಬೇಲಿ ಹಾಕಿದ ಜಾಗ ಇದೆ. ಮಗಳನ್ನು ಕರೆದುಕೊಂಡು ಬನ್ನಿ. ಹಳೆಯ ಬಟ್ಟೆ ಹಾಕಿಸಿ, ಮರಿ ಮೈಮೇಲೆ ಹಾರುತ್ತಾನೆ. ಮನೆಯವರ ಕೈಯಲ್ಲಿ ಮಂಡಕ್ಕಿ ಮಾಡಿಸಿಕೊಂಡು ಬಂದರೆ ಬೇಡ ಅನ್ನುವುದಿಲ್ಲ. ಖಾರ ಹಾಕಿದ್ದನ್ನು ಅವನ ಕೈಗೆಟುಕದ ಹಾಗೆ ಇಡಿ, ಅಷ್ಟೇ.