ಎಪಿಗೆ ಸ್ಟಾಟಿಕ್ ಐಪಿ ಬೇಡ ಸರ್, ರಿಸರ್ವೇಶನ್ ಮಾಡಿ

ಸರ್, ನಿಮ್ಮ ಹೋಂಸ್ಟೇ ಪೋಸ್ಟ್ ನೋಡಿದೆ. ಮೂರು ಎಪಿಗೂ (ವೈಫೈ ಹಂಚುವ ಆ್ಯಕ್ಸೆಸ್ ಪಾಯಿಂಟ್) 192.168.1.10, 11, 12 ಅಂತ ಸ್ಟಾಟಿಕ್, ಅಂದರೆ ಕೈಯಾರೆ ಬರೆದ ಸ್ಥಿರ ಐಪಿ ಹಾಕಿದ್ದೀರಿ. ರೂಟರ್‌ನ ಡಿಎಚ್‌ಸಿಪಿ ಪೂಲ್ (ಸಾಧನಗಳಿಗೆ ತಾನಾಗಿ ಹಂಚುವ ಐಪಿಗಳ ಸಾಲು) ಮಾತ್ರ 2ರಿಂದ 254ರವರೆಗೆ ಹಾಗೇ ಇದೆ. 11ನೇದು ಆಗಾಗ ಆಫ್‌ಲೈನ್ ತೋರಿಸುತ್ತದೆ, ಆದರೂ ಅತಿಥಿಗಳಿಗೆ ವೈಫೈ ಬರುತ್ತಿದೆ. ಎಪಿ ಕೆಟ್ಟಿಲ್ಲ, ವಾರಂಟಿಗೆ ಕಳಿಸಬೇಡಿ. ನಾನೂ ಮೊದಲು ಹೀಗೇ ಮಾಡಿದ್ದೆ.

ರೂಟರ್ ಅದೇ 11ನ್ನು ಯಾರದೋ ಫೋನಿಗೂ ಕೊಟ್ಟಿರುತ್ತದೆ. ಕೆಲವು ರೂಟರ್ ಕೊಡುವ ಮುಂಚೆ ಆ ಐಪಿ ಬಳಕೆಯಲ್ಲಿದೆಯಾ ಅಂತ ಪಿಂಗ್ ಮಾಡಿ ನೋಡುತ್ತವೆ, ಎಲ್ಲವೂ ಅಲ್ಲ. ಎಪಿ ಬರೀ ಬ್ರಿಡ್ಜ್, ವೈಫೈ ಮತ್ತು ಕೇಬಲ್ ನಡುವಿನ ಸೇತುವೆ. ಅತಿಥಿಗಳ ಟ್ರಾಫಿಕ್ ದಾಟಿಸಲು ಅದಕ್ಕೆ ಸ್ವಂತ ಐಪಿ ಬೇಕಿಲ್ಲ, ಮ್ಯಾನೇಜ್‌ಮೆಂಟ್‌ಗೆ ಮಾತ್ರ ಬೇಕು. ಅದಕ್ಕೇ ವೈಫೈ ಓಡುತ್ತಿದೆ, ಎಪಿಗಳನ್ನು ನಿಭಾಯಿಸುವ ಕಂಟ್ರೋಲರ್‌ಗೆ ಮಾತ್ರ ಕಾಣುತ್ತಿಲ್ಲ.

ಮೂರನ್ನೂ ವಾಪಸ್ ಡಿಎಚ್‌ಸಿಪಿಗೆ ಹಾಕಿ, ರೂಟರ್‌ನಲ್ಲಿ ರಿಸರ್ವೇಶನ್ ಮಾಡಿ, ಅಂದರೆ ಆ ಎಪಿಗೆ ಯಾವಾಗಲೂ ಅದೇ ಐಪಿ ಕೊಡು ಅಂತ ರೂಟರ್‌ಗೇ ಹೇಳಿಡಿ. ಟಿಪಿ-ಲಿಂಕ್‌ನಲ್ಲಿ ಅಡ್ರೆಸ್ ರಿಸರ್ವೇಶನ್ ಅಂತಿರುತ್ತದೆ, ಯೂನಿಫೈನಲ್ಲಿ ಫಿಕ್ಸ್ಡ್ ಐಪಿ. ಮೈಕ್ರೋಟಿಕ್‌ನಲ್ಲಿ ಲೀಸ್ (ರೂಟರ್ ಕೊಟ್ಟ ಐಪಿಯ ದಾಖಲೆ) ಮೇಲೆ 'ಮೇಕ್ ಸ್ಟಾಟಿಕ್' ಒತ್ತಿದರೆ ಮುಗಿಯಿತು. ನನಗೆ ಮೈಕ್ರೋಟಿಕ್ಕೇ ಇಷ್ಟ, ಆದರೆ ಕಲಿಯಲು ತಾಳ್ಮೆ ಬೇಕು. ರಿಸರ್ವೇಶನ್‌ಗೆ ಬೇಕಾದ ಮ್ಯಾಕ್ ಅಡ್ರೆಸ್ಸನ್ನು (ಸಾಧನದ ಹಾರ್ಡ್‌ವೇರ್ ಗುರುತು) ಲೀಸ್ ಪಟ್ಟಿಯಿಂದಲೇ ತೆಗೆದುಕೊಳ್ಳಿ. ಫೋನಿನ ವೈಫೈ ಆ್ಯಪ್ ತೋರಿಸುವುದು ರೇಡಿಯೋದ ಮ್ಯಾಕ್, ಈಥರ್ನೆಟ್‌ನದು ಸಾಮಾನ್ಯವಾಗಿ ಬೇರೆ. ಬೇರೆ ಇದ್ದಾಗ ರೇಡಿಯೋದ್ದನ್ನು ಹಾಕಿದರೆ ರಿಸರ್ವೇಶನ್ ಹಿಡಿಯುವುದೇ ಇಲ್ಲ. ಕೆಲವು ರೂಟರ್ ಪೂಲ್ ಒಳಗಿನ ನಂಬರನ್ನೇ ಕೇಳುತ್ತವೆ, ಕೆಲವಕ್ಕೆ ಹೊರಗಿನದೂ ಆಗುತ್ತದೆ.

ನಾನು ಇಷ್ಟು ಹಟ ಮಾಡುವುದಕ್ಕೆ ಕಾರಣ ಇದೆ. ನಾಳೆ ನೀವು ಇಂಟರ್ನೆಟ್ ಕಂಪನಿ ಬದಲಿಸುತ್ತೀರಿ. ಅವರ ರೂಟರ್, ಉದಾಹರಣೆಗೆ, 192.168.29.1 ಅಂತ ಬರುತ್ತದೆ. ಸ್ಟಾಟಿಕ್ ಎಪಿಗಳು ಹಳೇ 192.168.1ರಲ್ಲೇ ಕೂತಿರುತ್ತವೆ, ಗೇಟ್‌ವೇ, ಅಂದರೆ ಹೊಸ ರೂಟರ್, ಸಿಗುವುದಿಲ್ಲ. ಆಗ ಲ್ಯಾಪ್‌ಟಾಪ್‌ಗೆ 192.168.1.50, ಮಾಸ್ಕ್ 255.255.255.0 ಹಾಕಿ, ಅದೇ ಸ್ವಿಚ್‌ಗೆ ಕೇಬಲ್ ಚುಚ್ಚಿ, ಒಂದೊಂದೇ ಎಪಿಯ ಸ್ಟಾಟಿಕ್ ಬಿಡಿಸಬೇಕು. ಪಾಸ್‌ವರ್ಡ್ ಮರೆತಿದ್ದರೆ ಏಣಿ ಹತ್ತಿ ರೀಸೆಟ್. ಡಿಎಚ್‌ಸಿಪಿಯಲ್ಲಿದ್ದರೆ ರಿಸರ್ವೇಶನ್ ಹೋದರೂ ಎಪಿ ತಾನೇ ಹೊಸ ನೆಟ್‌ವರ್ಕಿನ ಐಪಿ ತಗೊಳ್ಳುತ್ತದೆ.

ಕರೆಂಟ್ ಹೋಗಿ ಬಂದಾಗ ರೂಟರ್‌ಗಿಂತ ಮುಂಚೆ ಎಪಿ ಎದ್ದರೆ ಡಿಎಚ್‌ಸಿಪಿ ಸಿಗದೆ ತನ್ನೊಳಗೇ ಇರುವ ಫಾಲ್‌ಬ್ಯಾಕ್ ಐಪಿಗೆ ಬೀಳುತ್ತದೆ. ಟಿಪಿ-ಲಿಂಕ್‌ನ ಒಮಾಡಾ ಇಎಪಿಗಳದ್ದು 192.168.0.254, ಯೂನಿಫೈನದ್ದು 192.168.1.20. ಯೂನಿಫೈ ಇದ್ದವರು 20ನೇ ನಂಬರನ್ನು ಯಾರಿಗೂ ಕೊಡಬೇಡಿ. ರೂಟರ್ ಎದ್ದ ಮೇಲೂ ಸರಿಹೋಗದಿದ್ದರೆ ಎಪಿ ಒಮ್ಮೆ ರೀಬೂಟ್ ಮಾಡಿ. ರೂಟರ್ ಮತ್ತು ಕೇಬಲ್‌ನಲ್ಲೇ ಎಪಿಗೆ ಕರೆಂಟ್ ಕೊಡುವ ಪಿಒಇ ಸ್ವಿಚ್ ಎರಡನ್ನೂ ಒಂದೇ ಯುಪಿಎಸ್‌ಗೆ ಹಾಕುವುದು ಒಳ್ಳೇದು.

ಸ್ಟಾಟಿಕ್ ಬೇಕಾಗುವುದು ಹಳೇ ರೂಟರನ್ನೇ ಎಪಿ ಮಾಡಿಕೊಂಡಾಗ. ಎಷ್ಟೋ ಹಳೇ ರೂಟರ್‌ಗಳ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ಕಡೆ ಐಪಿ ತಾನಾಗಿ ತಗೊಳ್ಳುವ ಆಯ್ಕೆಯೇ ಇಲ್ಲ. ಆಗ ಮುಖ್ಯ ರೂಟರ್‌ನ ಪೂಲನ್ನು 100ರಿಂದ 249ಕ್ಕೆ ಇಳಿಸಿ, ಹಳೇ ರೂಟರ್‌ಗೆ 2 ಕೊಡಿ. ಹಳೇದರ ಡಿಎಚ್‌ಸಿಪಿ ಆಫ್ ಮಾಡಿ, ಕೇಬಲ್ಲನ್ನು ಅದರ ವ್ಯಾನ್ (ಇಂಟರ್ನೆಟ್ ಬರುವ) ಪೋರ್ಟ್‌ಗಲ್ಲ, ಲ್ಯಾನ್‌ಗೆ ಹಾಕಿ. ದಯವಿಟ್ಟು ಇದನ್ನು ಮರೆಯಬೇಡಿ. ಈ ಗುಂಪಿನಲ್ಲಿ 'ವೈಫೈ ಇದೆ, ನೆಟ್ ಇಲ್ಲ' ಎನ್ನುವ ಅರ್ಧ ಪೋಸ್ಟ್‌ಗಳು ಒಂದೇ ಮನೆಯಲ್ಲಿ ಎರಡು ಡಿಎಚ್‌ಸಿಪಿ ಓಡಿಸುವವರದ್ದೇ.

ಇನ್ನೊಂದು, ಹೋಂಸ್ಟೇಗೆ ದಿನಾ ಹೊಸಬರು ಬರುತ್ತಾರೆ ಅಲ್ವಾ? ಗೆಸ್ಟ್ ನೆಟ್‌ವರ್ಕಿನ ಲೀಸ್ ಟೈಮ್ (ಕೊಟ್ಟ ಐಪಿ ಎಷ್ಟು ಹೊತ್ತು ಆ ಸಾಧನಕ್ಕೇ ಇರುತ್ತದೆ ಅನ್ನುವುದು) ಒಂದು ವಾರ ಇಟ್ಟರೆ ಹೊರಟುಹೋದವರ ಫೋನುಗಳೇ ಪೂಲ್ ತುಂಬಿಕೊಂಡಿರುತ್ತವೆ. ನಾಲ್ಕು ಗಂಟೆ ಇಡಿ. ಎಪಿ, ಕ್ಯಾಮೆರಾ ಇರುವ ಕಡೆ ಒಂದು ದಿನ ಸಾಕು.

ಲೀಸ್ ಪಟ್ಟಿಯ ಸ್ಕ್ರೀನ್‌ಶಾಟ್ ಹಾಕಿ, ನೋಡೋಣ. ಮ್ಯಾಕ್ ಅಡ್ರೆಸ್‌ಗಳ ಕೊನೆಯ ಅರ್ಧ ಮರೆಮಾಡಿ ಹಾಕಿ.