ರಾತ್ರಿ ಮೂರಕ್ಕೇ ಎಚ್ಚರ, ಏನು ಮಾಡಲಿ?

ಪ್ರಶ್ನೆ: ಅಪ್ಪ ತೀರಿಕೊಂಡು ಎರಡು ತಿಂಗಳಾಯಿತು. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಊಟದ ನೆನಪೂ ಇರುವುದಿಲ್ಲ. ವ್ಯಾಯಾಮ, ಧ್ಯಾನ, ಡೈರಿ ಎಲ್ಲವನ್ನೂ ಒಟ್ಟಿಗೇ ಶುರು ಮಾಡಿ ನಾಲ್ಕೇ ದಿನಕ್ಕೆ ಕೈಬಿಟ್ಟೆ. ಇಷ್ಟೂ ನನ್ನಿಂದಾಗದೇ?
– ಹೆಸರು ಬೇಡ

ಉತ್ತರ: ಕೈಬಿಟ್ಟದ್ದು ನಿಮ್ಮ ಸೋಮಾರಿತನವಲ್ಲ. ದುಃಖದಲ್ಲಿರುವಾಗ ಹೊಸ ಕೆಲಸವನ್ನು ನೆನಪಿಟ್ಟು ಮಾಡುವ ತ್ರಾಣವೇ ಕಡಿಮೆ. ಅದರ ಮೇಲೆ ಮೂರು ಹೊರೆ ಹೇರಿದರೆ ಯಾರಿಗಾದರೂ ಹೀಗೇ ಆಗುತ್ತದೆ. ಸದ್ಯಕ್ಕೆ ಒಂದನ್ನೇ ಹಿಡಿಯಿರಿ: ಬೆಳಿಗ್ಗೆ ಏಳುವ ಹೊತ್ತು.

ಆರೂವರೆ ಎಂದುಕೊಂಡರೆ ಆರೂವರೆಯೇ. ರಾತ್ರಿ ಹೇಗೇ ಕಳೆದಿರಲಿ, ಮರುದಿನ ರಜೆಯೇ ಇರಲಿ. ನಿದ್ದೆಗೆಟ್ಟ ಮರುದಿನ ಒಂಬತ್ತರವರೆಗೆ ಮಲಗಿ ಸರಿದೂಗಿಸಲು ಹೋಗುತ್ತೇವಲ್ಲ, ಎಡವುವುದೇ ಅಲ್ಲಿ. ಎಚ್ಚರವಿದ್ದ ಗಂಟೆಗಳು ಕೂಡಿದಷ್ಟೂ ನಿದ್ದೆಯ ಒತ್ತಡ, ಅಂದರೆ ನಿದ್ದೆಗಾಗಿ ದೇಹದ ಸೆಳೆತ, ಏರುತ್ತದೆ. ತಡವಾಗಿ ಎದ್ದ ದಿನ ರಾತ್ರಿಯ ಹೊತ್ತಿಗೆ ಅದು ಸಾಕಷ್ಟು ಏರಿರುವುದಿಲ್ಲ. ಎದ್ದ ಒಂದು ಗಂಟೆಯೊಳಗೆ 15–20 ನಿಮಿಷ ಹೊರಗೆ ನಡೆಯಿರಿ, ಆಗದಿದ್ದರೆ ಸುಮ್ಮನೆ ನಿಂತರೂ ಸರಿ. ಮೋಡವಿದ್ದರೂ ಹೊರಗಿನ ಬೆಳಕು ಮನೆಯ ದೀಪಕ್ಕಿಂತ ಎಷ್ಟೋ ಪಾಲು ಹೆಚ್ಚು, ದೇಹದ ಗಡಿಯಾರ ಅದಕ್ಕೇ ಹೊಂದಿಕೊಳ್ಳುತ್ತದೆ. ಮಧ್ಯಾಹ್ನ ಕಳೆದ ಮೇಲೆ ಕಾಫಿ, ಟೀ ಬೇಡ. ಮೈಯಲ್ಲಿ ಸೇರಿದ ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ನಿದ್ದೆಗೆಂದು ಮದ್ಯವಂತೂ ಬೇಡವೇ ಬೇಡ. ಬೇಗ ಜೊಂಪು ಹತ್ತಿಸಿ, ನಡುರಾತ್ರಿ ಎಬ್ಬಿಸಿ ಕೂರಿಸುವುದೇ ಅದು.

ಇನ್ನು ಆ ಮೂರು ಗಂಟೆ. ಗಡಿಯಾರ ನೋಡಬೇಡಿ. ‘ಇನ್ನು ಮೂರೂವರೆ ತಾಸು ಮಾತ್ರ’ ಎಂಬ ಲೆಕ್ಕ ಶುರುವಾದರೆ ಎದೆಬಡಿತ ಏರುತ್ತದೆ. ಮೊಬೈಲು ಬೇರೆ ಕೋಣೆಯಲ್ಲಿರಲಿ. ಅಂದಾಜು 20 ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು, ಮಂದ ಬೆಳಕಿನಲ್ಲಿ ಕುರ್ಚಿಯ ಮೇಲೆ ಕೂತುಕೊಳ್ಳಿ. ಮೂಗಿನಿಂದ 4 ಎಣಿಸುವಷ್ಟು ಹೊತ್ತು ಉಸಿರು ಒಳಕ್ಕೆ, 6 ಎಣಿಸುವಷ್ಟು ಹೊತ್ತು ಹೊರಕ್ಕೆ, ಹೀಗೆ 5 ನಿಮಿಷ. ತಲೆ ಸುತ್ತಿದರೆ ಜೋರಾಗಿ ಎಳೆದುಕೊಳ್ಳುತ್ತಿದ್ದೀರಿ ಎಂದರ್ಥ. ಉಸಿರು ದೊಡ್ಡದಾಗಬೇಕಿಲ್ಲ, ನಿಧಾನವಾದರೆ ಸಾಕು. ಆಮೇಲೆ ಒಗೆದಿಟ್ಟ ಬಟ್ಟೆ ಮಡಚುವಂಥ ಕೆಲಸವೇನಾದರೂ ಮಾಡಿ. ರೆಪ್ಪೆ ಭಾರವಾದ ಮೇಲೆಯೇ ಹಾಸಿಗೆಗೆ ಮರಳಿ. ಇಲ್ಲದಿದ್ದರೆ ಹಾಸಿಗೆ ಎಂದರೆ ಹೊರಳಾಡುವ ಜಾಗ ಎಂದು ಮನಸ್ಸು ಕಲಿತುಬಿಡುತ್ತದೆ.

ಊಟಕ್ಕೆ ಹಸಿವಿಗಾಗಿ ಕಾಯಬೇಡಿ. ಮೂರು ಹೊತ್ತಿಗೂ ಅಲಾರಂ ಇಟ್ಟು, ನಾಲ್ಕು ತುತ್ತಾದರೂ ತಿನ್ನಿ.

ಅಳು ಬಂದರೆ ಅತ್ತುಬಿಡಿ, ಅದನ್ನು ತಡೆಯುವ ಅಭ್ಯಾಸವೇನೂ ಬೇಕಿಲ್ಲ.

ಇಷ್ಟು ಮಾಡಿಯೂ ಎರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ, ದಿನದ ಕೆಲಸಗಳೇ ನಿಂತುಹೋಗುತ್ತಿದ್ದರೆ ವೈದ್ಯರನ್ನು ಕಾಣಿ. ಮಲಗಿದ, ಎಚ್ಚರವಾದ, ಎದ್ದ ಹೊತ್ತನ್ನು ಒಂದು ವಾರ ಬರೆದಿಟ್ಟುಕೊಂಡು ಹೋದರೆ ಅವರಿಗೆ ಬಹಳ ಅನುಕೂಲ. ಬದುಕೇ ಬೇಡ ಎನ್ನಿಸಿದರೆ ಮಾತ್ರ ಎರಡು ವಾರವಲ್ಲ, ಎರಡು ಗಂಟೆಯೂ ಕಾಯಬೇಡಿ. ನಡುರಾತ್ರಿಯಾದರೂ ಹತ್ತಿರದವರೊಬ್ಬರನ್ನು ಎಬ್ಬಿಸಿ, ಅವರ ಜೊತೆಯಲ್ಲೇ ಆಸ್ಪತ್ರೆಗೆ ಹೋಗಿ.